ಕಷ್ಟದ ದಿನಕ್ಕೊಂದು ಸಿದ್ಧ ಉತ್ತರ

ಸ್ನೇಹಿತರೇ, ಇವತ್ತು ಬೆಳಗ್ಗೆ ಮಂಡ್ಯದ ಒಂದು ಕಂಪನಿಯ ವರಾಂಡದಲ್ಲಿ ಪಕ್ಕ ಕೂತಿದ್ದ ಅಪರಿಚಿತ ಹುಡುಗನೊಬ್ಬ, ತೀರಿಹೋದ ನನ್ನ ಅಕ್ಕನ ಕೊನೆಯ ಮಾತನ್ನು ಹೇಳಿದ.

ಕಣ್ಣು ಮುಚ್ಚಿಕೊಂಡು ಸಣ್ಣ ದನಿಯಲ್ಲಿ ಹೇಳುತ್ತಿದ್ದ: 'ಆಂಬುಲೆನ್ಸ್ ಶಿಂಷಾ ಸೇತುವೆ ದಾಟುವಾಗ ಅಮ್ಮ ನನ್ನ ಕೈ ಹಿಡಿದು, ಒಲೆ ಮೇಲೆ ಹಾಲಿಟ್ಟಿದ್ದೀನಿ, ನೋಡ್ಕೊ ಅಂದರು. ಆಮೇಲೆ ಮಾತಾಡಲಿಲ್ಲ.'

ಆ ಆಂಬುಲೆನ್ಸಿನಲ್ಲಿ ಅಕ್ಕನ ಜೊತೆ ಇದ್ದವರು ಅವಳ ಮಗಳು ರಕ್ಷಿತಾ ಮತ್ತು ನಾನು, ಇಬ್ಬರೇ. ಇವತ್ತು ಗುಮಾಸ್ತೆ ಕೆಲಸದ ಸಂದರ್ಶನಕ್ಕೆ ರಕ್ಷಿತಾಳನ್ನು ಕರೆತಂದಿದ್ದೆ. ಎದುರು ಬೆಂಚಿನ ಹುಡುಗಿಯೂ ಅದೇ ಸೇತುವೆ, ಅದೇ ಹಾಲು ಎನ್ನುತ್ತಿದ್ದಳು.

'ನಿಮ್ಮಮ್ಮಂಗೆ ಏನಾಗಿತ್ತಪ್ಪಾ?' ಎಂದು ಹುಡುಗನನ್ನು ಕೇಳಿದೆ.

'ಏನೂ ಆಗಿಲ್ಲ ಸಾ, ಮನೇಲಿ ಚೆನ್ನಾಗವ್ರೆ. ಜೀವನದಲ್ಲಿ ಕಷ್ಟದ ದಿನ ಯಾವ್ದು ಅಂತ ಕೇಳ್ತಾರಲ್ಲ, ಅದ್ಕೆ ಆನ್ಸರು ಇದು. ಕೋಚಿಂಗ್‌ನಲ್ಲಿ ಜೆರಾಕ್ಸ್ ಕೊಟ್ಟವ್ರೆ.'

ರಕ್ಷಿತಾ ತಲೆ ತಗ್ಗಿಸಿದಳು. 'ನಾನು ಬರ್ದಿದ್ದ ಆನ್ಸರು ಚೆನ್ನಾಗೈತೆ ಅಂತ ಕೋಚಿಂಗ್ ಸರ್ ಇಸ್ಕೊಂಡಿದ್ರು ಮಾವ. ಎಲ್ಲಾ ಬ್ಯಾಚಿಗೂ ಹಂಚವ್ರೆ ಅಂತ ಗೊತ್ತಿರ್ಲಿಲ್ಲ.'

'ನೀನು ಬೇರೆ ಏನಾದ್ರೂ ಹೇಳಮ್ಮ.'

'ನಂಗೆ ಬೇರೆ ಕಷ್ಟದ ದಿನ ಇಲ್ವಲ್ಲ ಮಾವ.'

ಒಳಗೆ ಹೋದವಳು ಐದೇ ನಿಮಿಷದಲ್ಲಿ ಹೊರಬಂದಳು. 'ಬೆಳಗ್ಗಿಂದ ಇದನ್ನ ಹೇಳಿದವ್ರಲ್ಲಿ ನೀವು ನಾಲ್ಕನೆಯವ್ರು, ಈಗ ನಿಜ ಹೇಳಿ ಅಂತ ನಕ್ರು. ಈ ಕೆಲ್ಸ ಬುಡಿ ಮಾವ.'

ಅಕ್ಕ ಸತ್ತದ್ದು ಒಂದೇ ಸಲ. ಇವತ್ತು ನಾವು ಮದ್ದೂರಿನ ಬಸ್ಸಿಗೆ ಹೊರಡುವ ಹೊತ್ತಿಗೆ ನಾಲ್ಕು ಸಲ ಸತ್ತಿದ್ದಳು. ಇನ್ನೂ ಎಂಟು ಮಂದಿ ಸರದಿಯಲ್ಲಿದ್ದರು.