ರೀಲು ಬದಲಿಸುವಷ್ಟು ಹೊತ್ತು

ಬಾಜೂಮನೆಯ ಕಾಕುವಿನ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ದಿನಕ್ಕೆ ಮೂರು ನಾಲ್ಕು ಸಲ ಸುಟ್ಟ ತಂಬಾಕಿನ ಮಿಶ್ರಿ ಹಚ್ಚಿ ಹಲ್ಲು ತಿಕ್ಕುತ್ತಿದ್ದ ಬೆರಳು ಅದು. ಮೂಡಲಗಿಯ ಸಿನಿಮಾ ಟೆಂಟಿನಲ್ಲಿ ಅದೇ ಬೆರಳನ್ನು ಖಾಲಿ ಪರದೆಯತ್ತ ಚಾಚಿ, "ಕೊಂದಾಂವ ಡಾಕ್ಟರನ ನೋಡ್ರವಾ, ಬರದಿಟ್ಕೋರಿ" ಅಂದಿದ್ದಳು. ಡಾಕ್ಟರ ಅಂದಳೋ ಮುನೀಮ ಅಂದಳೋ, ಈಗ ಖಾತ್ರಿಯಿಲ್ಲ. ಬೆರಳು ಮಾತ್ರ ಖಾತ್ರಿ.

ಟೆಂಟಿನಲ್ಲಿದ್ದದ್ದು ಒಂದೇ ಮಶೀನು. ಒಂದು ರೀಲು ಮುಗಿದರೆ ಇನ್ನೊಂದನ್ನು ಏರಿಸುವತನಕ ಪೆಟ್ರೋಮ್ಯಾಕ್ಸ್ ಹಚ್ಚುತ್ತಿದ್ದರು. ಬರುತ್ತಿದ್ದ ಚಿತ್ರಗಳೆಲ್ಲ ಹಿಂದಿ. ಗಂಡಸರಿಗೂ ಹೆಂಗಸರಿಗೂ ನಡುವೆ ಗಿಡ್ಡಗೆ ಕಟ್ಟಿದ ಅರಿವೆಯ ಆಚೆ ಕೂತವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ದೀಪ ಹೊತ್ತಿದ ಕೂಡಲೇ, "ಏನಂದಳಬೇ ಆಕಿ? ಯಾಕ ಅತ್ತಳು?" ಎಂದು ಕಾಕುವನ್ನು ಮುತ್ತುತ್ತಿದ್ದರು. ಆಕೆ ಆ ರೀಲಿನ ಕತೆಯನ್ನೆಲ್ಲ ಕನ್ನಡದಲ್ಲಿ ಹೇಳಿ, ಮೇಲೆ ತನ್ನ ಅಭಿಪ್ರಾಯವನ್ನೂ ಸೇರಿಸುತ್ತಿದ್ದಳು. ಗಂಡಸರೂ ಮಾತು ನಿಲ್ಲಿಸಿ ಕೇಳುತ್ತಿದ್ದರು.

ಒಮ್ಮೆ ನಗಿಸುವ ಪ್ರೇಮದ ಚಿತ್ರವೊಂದು ಬಂತು. ಹುಡುಗಿಯ ಮನೆಗೆ ಹುಡುಗ ಅಡುಗೆಯವನ ವೇಷದಲ್ಲಿ ಸೇರಿಕೊಳ್ಳುತ್ತಾನೆ. ಟೆಂಟಿಗೆ ಟೆಂಟೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾಕು ಹೇಳಿದ್ದು: "ನಾನೂ ನಕ್ಕೀನಿ, ಖರೆ. ಆದ್ರ ಆ ಮನ್ಯಾಗ ಮೊದಲ ಅಡಿಗಿ ಮಾಡತಿದ್ದಾಕಿ ಎಲ್ಲಿ ಹೋದಳು? ಆಕೀನ ಬಿಡಿಸಿ ಇವನ್ನ ಇಟ್ಕೊಂಡ್ರಲ್ಲ. ಒಮ್ಮೆರ ತೋರಿಸಬೇಕಿತ್ತಿಲ್ಲ?"

ಆಮೇಲೆ ಒಬ್ಬನೇ ಪತ್ತೇದಾರನ ಮೂರು ಚಿತ್ರಗಳು ಹದಿನೈದು ದಿನಕ್ಕೊಂದರಂತೆ ಬಂದವು. ಮೊದಲೆರಡರಲ್ಲೂ ಕಾಕು ಅರ್ಧದಲ್ಲೇ ಕೊಲೆಗಾರನನ್ನು ತೋರಿಸಿಕೊಟ್ಟಳು. ಎರಡೂ ಸಲ ಸರಿಯಾಯಿತು. ಪತ್ತೇದಾರನ ಬಗ್ಗೆ ಮಾತ್ರ ಆಕೆಗೆ ತಕರಾರಿತ್ತು. "ಹಿಡಿಯೂದು ಹಿಡೀಲಿ. ಇಷ್ಟ ಮಂದೀನ ಕೂಡಿಸಿ ಯಾಕ ಹೇಳಬೇಕು? ಬಾಜೂಕ ಕರದು ಹೇಳಿದ್ರ ನಡೀತಿರಲಿಲ್ಲ?" ಈ ಮಾತನ್ನು ಆಕೆ ಆಗಲೇ ಹೇಳಿದ್ದಳೋ, ಮುಂದೆ ನಡೆದದ್ದನ್ನು ನೆನೆನೆನೆದು ನಾನೇ ಆಕೆಯ ಬಾಯಿಗೆ ಹಾಕಿದೆನೋ, ಆಣೆ ಮಾಡಿ ಹೇಳಲಾರೆ.

ಆಗ ನಾನು ಧಾರವಾಡದ ಕಾಲೇಜಿನಿಂದ ರಜೆಗೆ ಬಂದಿದ್ದೆ. ಪ್ರಮಾಣವಿಲ್ಲದೆ ಏನನ್ನೂ ಒಪ್ಪಬಾರದೆಂದು ಹೊಸದಾಗಿ ಕಲಿತಿದ್ದೆ. ಸಾಲಿ ಮೆಟ್ಟಿಲು ಹತ್ತದ ಕಾಕುವಿಗೆ ಹಿಂದಿ ಹೇಗೆ ಬಂತು ಎಂಬುದು ತಲೆ ತಿನ್ನುತ್ತಿತ್ತು. ಕೇಳಿದರೆ, "ಕಣ್ಣ ಅದಾವಲ್ಲ ತಮ್ಮಾ, ತಿಳೀತೈತಿ" ಎಂದು ತೇಲಿಸಿಬಿಡುತ್ತಿದ್ದಳು.

ಆ ರಜೆಯಲ್ಲಿ ಒಂದು ಕೆಲಸಕ್ಕೆ ಹುಕ್ಕೇರಿಗೆ ಹೊರಟೆ. ಕಾಕು ತನ್ನ ಅಕ್ಕನಿಗೆಂದು ಶೇಂಗಾ ಉಂಡಿಯ ಗಂಟು ಕೊಟ್ಟಳು. ಗೋಕಾಕದಲ್ಲಿ ಬಸ್ಸು ಬದಲಿಸಿ ಹೋಗಿ ಮುಟ್ಟಿಸಿದೆ. ಅಕ್ಕನ ಮಗಳು ಹಿಂದಿ ಪರೀಕ್ಷೆ ಪಾಸಾದ ಹುಡುಗಿ. ನಗುನಗುತ್ತ ಎಲ್ಲ ಹೇಳಿಬಿಟ್ಟಳು. ಚಿತ್ರಗಳು ಮೊದಲು ಹುಕ್ಕೇರಿಯ ತಗಡಿನ ಥೇಟರಿಗೆ ಬರುತ್ತಿದ್ದವು. ಅಕ್ಕನ ಕಾಲುಬೇನೆಯ ನೆವ ಹೇಳಿ ಸಂತೆಯ ದಿನ ಬರುತ್ತಿದ್ದ ಕಾಕು ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದಳು. "ಮೂರನೇದೂ ಮೊನ್ನೆ ಆತು. ಒಂದೊಂದ ಮಾತಿಗೂ ಅರ್ಥ ಕೇಳಿ ನನ್ನ ಜೀವಾ ತಿಂದಳು ಚಿಗವ್ವ." ಮುಂದಿನದನ್ನು ಕೇಳುವ ತಾಳ್ಮೆ ನನಗಿರಲಿಲ್ಲ. ಪತ್ತೆಯಾಯಿತಲ್ಲ, ಅಷ್ಟು ಸಾಕಿತ್ತು.

ಕಾಕು ವಿಧವೆ, ಮೈದುನನ ಮನೆಯಲ್ಲಿದ್ದಳು. ಓಣಿಯ ಹೆಂಗಸರ ಜೊತೆ ಊರ ಟೆಂಟಿಗೆ ಹೋಗಲು ಆತ ಒಪ್ಪಿದ್ದೇ ದೊಡ್ಡದು. ಪರವೂರಿನ ಥೇಟರಿನ ಸುದ್ದಿ ಕಿವಿಗೆ ಬಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡೆ. ಗೊತ್ತಿತ್ತು.

ಮೂರನೆಯ ಚಿತ್ರದ ದಿನ, ಇನ್ನೊಂದೇ ರೀಲು ಉಳಿದಿತ್ತು. ದೀಪ ಹೊತ್ತಿತು. ಕಾಕು ಬೆರಳು ಚಾಚಿ ಕೊಲೆಗಾರ ಇಂಥವನೆಂದಳು. ನಾನು ಎದ್ದು ನಿಂತೆ.

"ಎಲ್ಲಾರೂ ಕೇಳ್ರಿ! ಕಾಕು ಇದನ್ನ ಹುಕ್ಕೇರಿ ಥೇಟರಿನ್ಯಾಗ ಮೊದಲ ನೋಡಿ ಬಂದಾರ. ಅಕ್ಕನ ಕಾಲು ತಿಕ್ಕಾಕ ಹೋಗಿರಲಿಲ್ಲ!"

ಗಂಡಸರು ಹೋ ಎಂದು ನಕ್ಕರು. "ಖರೇ ಪತ್ತೇದಾರ ನೀನ ಬಿಡೋ!" ಎಂದು ಯಾರೋ ಬೆನ್ನು ತಟ್ಟಿದರು. ನಾನು ಹಿಗ್ಗಿದೆ. ಅದು ಚೆನ್ನಾಗಿ ನೆನಪಿದೆ.

ಮೈದುನ ಬೈಯಲಿಲ್ಲ. ಎದ್ದು ಅರಿವೆಯ ಹತ್ತಿರ ಹೋಗಿ, "ವೈನೀ, ಏಳ್ರಿ" ಅಂದ. ಕಾಕು ಎದ್ದಳು. ನನ್ನತ್ತ ನೋಡಲಿಲ್ಲ. ಖಾಲಿ ಪರದೆಯನ್ನೊಮ್ಮೆ ನೋಡಿ ಸೆರಗು ಎಳೆದುಕೊಂಡು ಹೊರಟಳು. ದೀಪ ಆರಿತು, ಕೊನೆಯ ರೀಲು ಓಡಿತು. "ಏನಾತವಾ? ಯಾರರ ಹೇಳ್ರೇ" ಎಂದು ಆಚೆಯಿಂದ ಮುದುಕಿಯೊಬ್ಬಳು ಕೇಳುತ್ತಲೇ ಇದ್ದಳು. ನನಗೆ ಹಿಂದಿ ಬರುತ್ತಿತ್ತು. ಹೇಳಲಿಲ್ಲ.

ಅಂದಿನಿಂದ ಕಾಕುವಿಗೆ ಟೆಂಟೂ ಇಲ್ಲ, ಹುಕ್ಕೇರಿಯೂ ಇಲ್ಲ.

ಎರಡು ಮೂರು ವರ್ಷದ ಮೇಲೆ ಎಂ.ಎ. ಮುಗಿಸಿ ಊರಿಗೆ ಬಂದಾಗ, ತಪ್ಪಾಯಿತೆಂದು ಹೇಳಲೆಂದೇ ಅವರ ಮನೆಗೆ ಹೋದೆ. ಕಾಕು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, ಒಳಗಿನವರಿಗೆ ಕೇಳಿಸದಂತೆ ದನಿ ತಗ್ಗಿಸಿ, "ತಮ್ಮಾ, ಅವತ್ತ ಕಡೀಕ ಕೊಂದಾಂವ ಯಾರಂತ ಆತು?" ಅಂದಳು.

ಚುಚ್ಚಿದಳೆಂದೇ ತಿಳಿದೆ. "ನಿಮಗ ಗೊತ್ತಿಲ್ಲೇನ್ರಿ ಕಾಕು?" ಎಂದು ನಕ್ಕುಬಿಟ್ಟೆ. ಆಕೆ ತಲೆ ತಗ್ಗಿಸಿ ಮೊರದಲ್ಲಿ ಜೋಳ ಕೇರತೊಡಗಿದಳು. ಹೇಳಬೇಕೆಂದು ಬಂದ ಮಾತನ್ನು ಹೇಳದೆ ಎದ್ದು ಬಂದೆ.

ಕಾಕು ತೀರಿಕೊಂಡಾಗ ಅಕ್ಕನ ಮಗಳು ಬಂದಿದ್ದಳು. ಸಿನಿಮಾದ ಮಾತು ಬಂತು. "ಚಿಗವ್ವ ಒಂದೂ ಸಿನಿಮಾ ಹುಕ್ಕೇರ್ಯಾಗ ಪೂರಾ ನೋಡಲಿಲ್ಲರೀ. ಐದರ ಬಸ್ಸು ತಪ್ಪಿದ್ರ ಮನ್ಯಾಗ ಗೊತ್ತಾಗತಿತ್ತಲ್ಲ. ಕಡೀ ರೀಲಿನ ಮೊದಲ ಎದ್ದು ಓಡತಿದ್ದಳು. ನಾನು ನೋಡಿ ಹೇಳತೀನಿ ಅಂದ್ರ ಬ್ಯಾಡ ಅಂತಿದ್ದಳು. ನಾನ ಹುಡಕತೀನಿ, ಸರಿ ಆತೋ ಇಲ್ಲೋ ಟೆಂಟಿನ್ಯಾಗ ಕೂತು ನೋಡತೀನಿ ಅಂತಿದ್ದಳು."

ಅಂದರೆ ಮೊದಲೆರಡು ಸಲ ಆಕೆ ನಿಜವಾಗಿ ಕಂಡುಹಿಡಿದಿದ್ದಳು. ಮೂರನೆಯ ಸಲ ಸರಿಯೋ ತಪ್ಪೋ ತಿಳಿಯಲು ಕೂತಿದ್ದಳು.

ಆ ಕೊನೆಯ ರೀಲನ್ನು ನಾನು ಪೂರ್ತಿ ನೋಡಿದ್ದೇನೆ. ಕೊಂದವನು ಯಾರೆಂದು ಎಷ್ಟೋ ಸಲ ಕೂತು ನೆನಪಿಸಿಕೊಳ್ಳಲು ನೋಡಿದ್ದೇನೆ. ಪೆಟ್ರೋಮ್ಯಾಕ್ಸ್ ನೆನಪಿಗೆ ಬರುತ್ತದೆ, ಆ ಕಪ್ಪು ಬೆರಳು ಬರುತ್ತದೆ, ನನ್ನ ಬೆನ್ನು ತಟ್ಟಿದ ಕೈ ಬರುತ್ತದೆ. ಹೆಸರು ಬರುವುದಿಲ್ಲ.