ವೀಟ್‌ಸ್ಕೆ ಹುಟ್ಟಿಸಿದ ಡ್ರೈವರ್

ಆಮ್‌ಸ್ಟರ್‌ಡ್ಯಾಮಿನ ಆ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ವೀಟ್‌ಸ್ಕೆ ಹೂಕೆಮಾಳ ಹಟದ ಬಗ್ಗೆ ಮಾತಾಡದವರೇ ಇರಲಿಲ್ಲ. ಫ್ರೀಸ್‌ಲಾಂಡಿನ ಹೈನುಗಾರರ ಮಗಳು, ಹಿಡಿದದ್ದನ್ನು ಬಿಡುವ ಪೈಕಿಯಲ್ಲ.

ಕಂಪ್ಯೂಟರಿನ ಒಂದೊಂದು ಅಂಗವನ್ನು ನಡೆಸಲು ಒಂದೊಂದು ಪುಟ್ಟ ಪ್ರೋಗ್ರಾಮ್ ಇರುತ್ತದೆ, ಡ್ರೈವರ್ ಅಂತ. ಅದು ಎಡವಿದರೆ ಇಡೀ ಯಂತ್ರವೇ ಮಗುಚಿಕೊಳ್ಳುತ್ತದೆ. ಡ್ರೈವರ್ ಸತ್ತರೆ ಸಾಯಲಿ, ಕಾವಲಿನ ಪ್ರೋಗ್ರಾಮೊಂದು ಕೂಡಲೇ ಅದನ್ನು ಮತ್ತೆ ಹುಟ್ಟಿಸಲಿ, ಯಂತ್ರ ನಡೆಯುತ್ತಲೇ ಇರಲಿ ಎನ್ನುವುದು ಅವಳ ಪಣ. ಮದುವೆ ಮಾತನ್ನೂ ಮುಂದೂಡಿ ಅದಕ್ಕೇ ಪ್ರಾಯ ಸವೆಸಿದ್ದಳು. ಶುಕ್ರವಾರ ಪರೀಕ್ಷಕರು ಬರುವವರಿದ್ದರು. ಅವರ ಮುಂದೆ ಕೆಟ್ಟರೆ ಆ ಕೆಲಸಕ್ಕೇ ಬಾಗಿಲು ಹಾಕಿದಂತೆ.

ಬುಧವಾರ ನೆಟ್‌ವರ್ಕ್ ಡ್ರೈವರನ್ನು ಕೊಂದು ನೋಡಿದಳು. ಕಾವಲುಗಾರ ಹೊಸದನ್ನು ಹುಟ್ಟಿಸಿದ. ಆದರೂ ಬೇರೊಂದು ಯಂತ್ರದಿಂದ ಬರುತ್ತಿದ್ದ ಫೈಲು ಅರ್ಧಕ್ಕೇ ನಿಂತಿತು.

“ಮಗು ಹುಟ್ಟಿದೆ, ಉಸಿರಾಡ್ತಿದೆ. ಮತ್ಯಾಕೆ ಯಾರೂ ಮಾತಾಡಿಸ್ತಿಲ್ಲ?” ಎಂದು ಗೊಣಗಿದಳು.

ಪಕ್ಕದ ಮೇಜಿನ ಖೈಸ್‌ಬರ್ಟ್ ಚೀಸ್ ಹಾಕಿದ ಬ್ರೆಡ್ಡು ಕಚ್ಚುತ್ತ ನಕ್ಕ. “ಕಾರ್ಡ್ ಕಳಿಸಿದ್ಯೇನೇ? ನಮ್ಮಕ್ಕ ಹೆತ್ತಾಗ ಚಿಕ್ಕಮ್ಮಂಗೆ ಕಾರ್ಡ್ ಹಾಕೋದು ಮರೆತ್ಲು. ಹುಡುಗ ಸ್ಕೂಲಿಗೆ ಹೋಗ್ತಿದಾನೆ, ಆಕೆ ಇವತ್ತಿಗೂ ಅವನು ಹುಟ್ಟೇ ಇಲ್ಲ ಅಂತಾಳೆ.”

ವೀಟ್‌ಸ್ಕೆ ಎತ್ತಿದ ಕಾಫಿ ಬಾಯಿಗೆ ಹೋಗಲಿಲ್ಲ. ಆ ನಾಡಿನಲ್ಲಿ ಮಗು ಹುಟ್ಟಿದರೆ ಹೆಸರು, ವಿಳಾಸದ ಕಾರ್ಡು ಅಚ್ಚು ಹಾಕಿಸಿ ನೆಂಟರಿಷ್ಟರಿಗೆಲ್ಲ ಕಳಿಸಲೇಬೇಕು. ಇಲ್ಲದಿದ್ದರೆ ತೊಟ್ಟಿಲ ಹತ್ತಿರ ಯಾರೂ ಸುಳಿಯುವುದಿಲ್ಲ. ಇಲ್ಲಿ ಆಗಿದ್ದೂ ಅದೇ. ಹೊಸ ಡ್ರೈವರಿಗೆ ಹೊಸ ವಿಳಾಸ. ಉಳಿದ ಪ್ರೋಗ್ರಾಮುಗಳು ಸತ್ತದ್ದರ ಬಾಗಿಲನ್ನೇ ಬಡಿಯುತ್ತ ನಿಂತಿದ್ದವು.

“ನಿನ್ನ ಚಿಕ್ಕಮ್ಮನ ಹೊಟ್ಟೆ ತಣ್ಣಗಿರಲಿ ಕಣೋ,” ಎಂದವಳೇ ಕೀಲಿಮಣೆ ಎಳೆದುಕೊಂಡಳು. ಹುಟ್ಟಿಸಿದ ಕೂಡಲೇ ಕಾವಲುಗಾರನೇ ಹೊಸ ವಿಳಾಸವನ್ನು ಬೇಕಾದ ಪ್ರೋಗ್ರಾಮುಗಳಿಗೆಲ್ಲ ಸಾರುವಂತೆ ಬರೆದಳು. ನಡುವೆ ಕಳೆದುಹೋದ ಫೈಲಿನ ಚೂರನ್ನು ಅವು ಮತ್ತೆ ಕೇಳಿ ತರಿಸಿಕೊಳ್ಳಬೇಕು, ಅಷ್ಟೆ.

ಶುಕ್ರವಾರ ಪರೀಕ್ಷಕಿ ಟೆರ್‌ಹೋರ್ಸ್ಟ್ ಬಂದವರೇ, “ಕೊಲ್ಲೋದು ನಾನೇ,” ಎಂದು ಕುರ್ಚಿಯಲ್ಲಿ ಕೂತರು. ದೂರದ ಯಂತ್ರದಿಂದ ದೊಡ್ಡದೊಂದು ಚಿತ್ರ ಇಳಿಯುತ್ತಿತ್ತು. ಡ್ರೈವರನ್ನು ಕೊಲ್ಲುವ ಗುಂಡಿ ಒತ್ತಿದರು. ಚಿತ್ರ ಒಂಚೂರು ತಡವರಿಸಿ ಮುಂದುವರಿಯಿತು. ಮತ್ತೆ ಒತ್ತಿದರು, ಮತ್ತೂ ಒತ್ತಿದರು.

“ಏನಮ್ಮ, ಇದು ಸಾಯೋದೇ ಇಲ್ವಾ?”

“ಸಾಯತ್ತೆ ಮೇಡಂ. ನೀವು ಒತ್ತಿದಷ್ಟು ಸಲವೂ ಸತ್ತಿದೆ.”

ಕಡೆಯ ಚೂರೂ ಬಂದು ಸೇರಿತು. ಮೂಲದೊಂದಿಗೆ ಹೋಲಿಸಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಟೆರ್‌ಹೋರ್ಸ್ಟ್ ಎದ್ದು ವೀಟ್‌ಸ್ಕೆಯ ಕೈ ಕುಲುಕಿ, “ನಿಲ್ಲಿಸ್ಬೇಡಿ, ಮುಂದುವರಿಸಿ,” ಎಂದರು.

ಖೈಸ್‌ಬರ್ಟ್ ಆಗಲೇ ಕೋಟು ಹಾಕಿಕೊಂಡು ಬಾಗಿಲಲ್ಲಿದ್ದ. ಹೆರಿಗೆಯಾದ ಮನೆಯಲ್ಲಿ ಹಂಚುವ ರಸ್ಕು, ಬೆಣ್ಣೆ, ಬಣ್ಣದ ಸೋಂಪಿನ ಮಿಠಾಯಿ ತರಲು ಹೊರಟಿದ್ದ.

“ಗಂಡೋ ಹೆಣ್ಣೋ ಹೇಳೇ. ನೀಲಿದು ತರ್ಲೋ, ಗುಲಾಬಿದೋ?”

“ಎರಡೂ ತಾ. ಇನ್ನೂ ಎಷ್ಟೋ ಹುಟ್ಟೋದಿದೆ.”