ಅಕ್ಕನ ಉಮೇದು

ಕಳೆದ ವಾರ ಶಿಕ್ಷಕರ ಟ್ರೇನಿಂಗ್ ಕಾಲೇಜಿನ ನಮ್ಮ ಮಾಸ್ತರು ಕರಿಹಲಗೆಯ ಮೇಲೆ ‘ಪ್ರೇರಣೆ’ ಎಂದು ಬರೆದು, ಕೈಗಂಟಿದ ಸೀಮೆಸುಣ್ಣದ ಪುಡಿಯನ್ನು ಊದಿದರು. ಮುಂದಿನ ಸಾಲಿನಲ್ಲಿ ಕೂತ ತಪ್ಪಿಗೆ ಅದು ನನ್ನ ಮೂಗಿಗೇ ಬಂತು. ಕಲಿಯುವ ಮನಸ್ಸು ಮಗುವಿನ ಒಳಗಿನಿಂದಲೇ ಹುಟ್ಟಬೇಕು ಎಂದರು. ಬರೆದುಕೊಂಡೆ, ಬರೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ‘ಉಮೇದು’ ಎನ್ನುತ್ತಿದ್ದರು. ನಿಮ್ಮಲ್ಲೂ ಅನ್ನುತ್ತಿರಬಹುದು. ಓದಿಗಷ್ಟೇ ಅಲ್ಲ, ಹಬ್ಬಕ್ಕೆ, ಊಟಕ್ಕೆ, ಮುದಿ ಎತ್ತಿಗೂ ಅದು ಬೇಕಾಗುತ್ತಿತ್ತು.

ನಿಜಾಮರ ಕಾಲದಲ್ಲಿ ಅಕ್ಕ ಕಲಬುರಗಿಯ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿದ್ದುದು ಪರದೆ ಕಟ್ಟಿದ ಗಾಡಿಯಲ್ಲಿ. ಶಾಲೆಯ ಆಯಾ ಓಣಿಯ ತುದಿಯಿಂದಲೇ “ಗಾಡೀ ಆಯೀ!” ಎಂದು ಕೂಗಿದರೆ, ಅಕ್ಕ ಅರ್ಧ ರೊಟ್ಟಿ ಹಿಡಿದೇ ಓಡುತ್ತಿದ್ದಳು. ಪಾಠವೆಲ್ಲ ಉರ್ದುವಿನಲ್ಲಿ. ಸಂಜೆ ಅವಳು ಗಟ್ಟಿಯಾಗಿ ಓದತೊಡಗಿದರೆ ಅವ್ವ ಒಲೆಯ ಮುಂದಿನಿಂದ, “ಸಾಕ್ ಮಾಡವ್ವಾ, ಹಾಲು ಒಡೀತಾವ” ಎನ್ನುತ್ತಿದ್ದಳು. ಮೆಟ್ರಿಕ್ಕಿಗೆ ಒಂದೇ ವರ್ಷ ಉಳಿದಿತ್ತು.

ಅಷ್ಟರಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿಯಿತು. ಗಲಾಟೆಯಲ್ಲಿ ಮುಚ್ಚಿದ್ದ ಶಾಲೆ ಮತ್ತೆ ತೆರೆಯಿತು. ಗಾಡಿ ಮಾತ್ರ ಬರಲಿಲ್ಲ. ಪರದೆಯ ಕಾಲ ಮುಗಿಯಿತು, ಹುಡುಗಿಯರು ನಡೆದೇ ಬರಲಿ ಎಂದರಂತೆ ಶಾಲೆಯವರು. ಒಳ್ಳೆಯ ಮಾತೇ. ಚಿಕ್ಕವಳಾದ ನಾನು ನಡೆದುಹೋದೆ. ಬೆಳೆದ ಮಗಳನ್ನು ಬಜಾರದ ನಡುವೆ ಹಾಗೆ ಕಳಿಸಲು ಅಪ್ಪನಿಗೆ ಧೈರ್ಯವಾಗಲಿಲ್ಲ.

“ಬುರ್ಖಾ ಹಾಕ್ಕೊಂಡು ಹೋಗ್ಲೇನ್ರಿ ಅಪ್ಪಾ?” ಎಂದಳು ಅಕ್ಕ.

“ಹುಚ್ಚಿ! ಮಂದಿ ಏನಂದಾರು?”

“ಹಂಗಾರ ಒಂದು ಗಾಡಿ ಗೊತ್ತು ಮಾಡ್ರಿ.”

“ಉಮೇದಿದ್ದವರು ಮನ್ಯಾಗ ಕುಂತೂ ಓದ್ತಾರ. ಯಾರು ಬ್ಯಾಡಂದಾರ?”

ಅಕ್ಕ ಓದಿದಳು. ತಿಳಿಯದ್ದನ್ನು ಕೇಳಲು ಯಾರೂ ಇರಲಿಲ್ಲ. ಬರಬರುತ್ತ ತೆರೆದ ಪುಟ ತೆರೆದೇ ಇರುತ್ತಿತ್ತು. ಕಮಲಾಪುರದಿಂದ ಅವಳನ್ನು ನೋಡಲು ಬಂದ ಗಂಡಿನ ಕಡೆಯವರು, ಸಾಲಿ ಯಾಕ ಬಿಟ್ಟಳು ಎಂದು ಕೇಳಿದರು.

“ಅಕಿಗೇ ಉಮೇದು ಹೋತ್ರಿ,” ಎಂದರು ಅಪ್ಪ.

ಅಕ್ಕ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಹನಿಯೂ ಚೆಲ್ಲದಂತೆ ಎಲ್ಲರಿಗೂ ಕೊಟ್ಟು ಒಳಗೆ ಹೋದಳು. ಅಪ್ಪ ಸುಳ್ಳು ಹೇಳಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವರು ಅದನ್ನು ನಂಬಿದ್ದರು.

ನಿನ್ನೆ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿದ್ದೆ. ಜೋಳ ಹಸನು ಮಾಡುತ್ತಿದ್ದ ಅಕ್ಕನಿಗೆ ಮಾಸ್ತರ ಮಾತನ್ನು ಹೇಳಿದೆ.

“ಒಳಗಿಂದ ಹುಟ್ತದ. ಖರೇನ ಅದ,” ಎಂದಳು. ಮತ್ತೆರಡು ಸಲ ಮೊರ ಕೇರಿ, “ಹುಟ್ಟಿದ್ದು ಎಲ್ಲಿಗೆ ಹೋಗ್ತದ ಅಂತ ಹೇಳ್ಲಿಲ್ಲೇನು ನಿಮ್ಮ ಮಾಸ್ತರು?” ಎಂದು ನಕ್ಕಳು.

ನಾನು ತಲೆ ತಗ್ಗಿಸಿ ಕಲ್ಲು ಆರಿಸಿದೆ.

ಇವತ್ತು ತರಗತಿಯಲ್ಲಿ ಮಾಸ್ತರು, ಹುಡುಗಿಯರು ಓದನ್ನು ನಡುವೆ ಬಿಡುವುದೇಕೆ ಎಂದು ಕೇಳಿದರು. “ಪ್ರೇರಣೆಯ ಕೊರತೆ,” ಎಂದಿತು ಇಡೀ ತರಗತಿ. ನಾನು ಎದ್ದು ನಿಂತೆ. ಕೂತಿರಲು ಆಗಲಿಲ್ಲ.